ಪುರಸಭೆ ಅಧ್ಯಕ್ಷರ ಚುನಾವಣೆ: ದುಡ್ಡು ಎಲ್ಲಿ ಆಡುತ್ತೆ, ಊರಿನ ವಿಷಯ ಎಲ್ಲಿ ಉಳಿಯುತ್ತೆ?

ಅಧ್ಯಕ್ಷ ಯಾರಾಗ್ತಾರೆ ಅನ್ನೋ ಚರ್ಚೆ ಚಹಾ ಅಂಗಡಿಯಿಂದ ಹಿಡಿದು ಕಟಿಂಗ್ ಶಾಪ್‌ವರೆಗೆ ಎಲ್ಲಾ ಕಡೆ ನಡೆಯುತ್ತೆ. ಆದ್ರೆ ಆ ಚುನಾವಣೆಯಲ್ಲಿ ಊರಿನ ಮತದಾರರಿಗೆ ಮತವೇ ಇಲ್ಲ. ವಾರ್ಡ್‌ಗಳಿಂದ ಗೆದ್ದ ಸದಸ್ಯರು, ಜೊತೆಗೆ ಕ್ಷೇತ್ರದ ಶಾಸಕರು ಮತ್ತು ಸಂಸದರು ಸಭೆ ಸೇರಿ ಕೈ ಎತ್ತಿ ಅಧ್ಯಕ್ಷರನ್ನ ಆರಿಸುತ್ತಾರೆ. ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರು ಸಭೆಯಲ್ಲಿ ಕೂರಬಹುದು, ಮತ ಹಾಕುವ ಹಾಗಿಲ್ಲ. ಇದು ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಏರ್ಪಾಡು. ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮೈಸೂರು ಪಾಲಿಕೆಗಳ ಮೇಯರ್ ಆಯ್ಕೆಯೂ ಸದಸ್ಯರ ಮತದಿಂದಲೇ. ಮಧ್ಯಪ್ರದೇಶ, ಉತ್ತರ ಪ್ರದೇಶದಂಥ ರಾಜ್ಯಗಳಲ್ಲಿ ಹಾಗಲ್ಲ, ಅಲ್ಲಿ ಮೇಯರ್‌ಗೆ ಜನರೇ ನೇರವಾಗಿ ಮತ ಹಾಕುತ್ತಾರೆ.

13 ಕೈಗಳ ಲೆಕ್ಕ

23 ವಾರ್ಡ್‌ಗಳ ಒಂದು ಪುರಸಭೆ ಅಂದುಕೊಳ್ಳಿ. ಶಾಸಕರು, ಸಂಸದರು ಸೇರಿ ಒಟ್ಟು 25 ಮತ. 13 ಕೈ ಎದ್ದರೆ ಕುರ್ಚಿ ಗ್ಯಾರಂಟಿ. ಒಂದು ಪಕ್ಷದ ಹತ್ತಿರ 11 ಇದ್ದು, ಇನ್ನೊಂದರ ಹತ್ತಿರ 11 ಇದ್ದರೆ ಉಳಿದ ಮೂವರು ಪಕ್ಷೇತರರೇ ಊರಿನ ದೊರೆಗಳು. ಸಾವಿರಾರು ಮತದಾರರನ್ನ ಒಪ್ಪಿಸೋದಕ್ಕಿಂತ ಇಬ್ಬರನ್ನ ಹಿಡಿದಿಟ್ಟುಕೊಳ್ಳೋದು ಸುಲಭ. ದುಡ್ಡಿನ ಆಟ ಶುರುವಾಗೋದು ಇಲ್ಲೇ. ಸದಸ್ಯರನ್ನ 'ಪ್ರವಾಸ' ಕರ್ಕೊಂಡು ಹೋಗೋದು, ಮೊಬೈಲ್ ಸ್ವಿಚ್ ಆಫ್ ಮಾಡಿಸೋದು, ಚುನಾವಣೆ ದಿನ ಬೆಳಗ್ಗೆ ಬಸ್ಸಿನಿಂದ ನೇರ ಪುರಸಭೆ ಬಾಗಿಲಿಗೇ ಇಳಿಸೋದು, ಇದೆಲ್ಲ ರಾಜ್ಯದ ಜನ ನೋಡಿ ನೋಡಿ ಸಾಕಾಗಿರೋ ದೃಶ್ಯ.

ಪಕ್ಷದ ಚಿಹ್ನೆ ಮೇಲೆ ಗೆದ್ದವರಿಗೆ ವಿಪ್ ಕೊಡಬಹುದು. ಮೀರಿದರೆ 1987ರ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ ಪ್ರಕಾರ ಸದಸ್ಯತ್ವ ಹೋಗಬಹುದು. ಆದರೆ ಪ್ರಕರಣ ಎಳೆದಾಡುತ್ತಾ ಹೋದರೆ ಅಷ್ಟರಲ್ಲಿ ಅಧ್ಯಕ್ಷಗಿರಿಯ ಅವಧಿಯೇ ಸವೆದಿರುತ್ತೆ.

ಇಷ್ಟು ಕಡಿಮೆ ಮತಗಳ ಚುನಾವಣೆ ಎಷ್ಟು ನಾಜೂಕು ಅನ್ನೋದಕ್ಕೆ ಚಂಡೀಗಢ ನೋಡಿ. 2024ರ ಜನವರಿಯಲ್ಲಿ ಅಲ್ಲಿನ ಮೇಯರ್ ಚುನಾವಣೆಯಲ್ಲಿ ಇದ್ದದ್ದು 36 ಮತ. ಚುನಾವಣಾಧಿಕಾರಿ 8 ಮತಪತ್ರ ಅಸಿಂಧು ಅಂದರು, 12 ಮತ ಪಡೆದವರು ಸೋತು 16 ಪಡೆದವರು ಗೆದ್ದರು. ಆ ಅಧಿಕಾರಿಯೇ ಮತಪತ್ರಗಳ ಮೇಲೆ ಗೀಚಿದ್ದು ಕ್ಯಾಮೆರಾದಲ್ಲಿ ಸಿಕ್ಕಿತ್ತು. ಫೆಬ್ರವರಿ 20ರಂದು ಸುಪ್ರೀಂ ಕೋರ್ಟ್ ಫಲಿತಾಂಶ ತಿರುಗಿಸಿ ಕುಲದೀಪ್ ಕುಮಾರ್ ಅವರೇ ಮೇಯರ್ ಎಂದಿತು. ವಿಚಾರಣೆ ವೇಳೆ ಕೋರ್ಟ್ ಕುದುರೆ ವ್ಯಾಪಾರದ ಬಗ್ಗೆಯೂ ಕಳವಳ ಹೇಳಿತ್ತು.

ಖರ್ಚಿನ ಮಿತಿ ಯಾವುದಕ್ಕೆ?

2018ರ ಸ್ಥಳೀಯ ಸಂಸ್ಥೆ ಚುನಾವಣೆಗೆ ರಾಜ್ಯ ಚುನಾವಣಾ ಆಯೋಗ ಇಟ್ಟ ಮಿತಿ ಹೀಗಿತ್ತು: ಪಟ್ಟಣ ಪಂಚಾಯಿತಿ ಅಭ್ಯರ್ಥಿಗೆ 1 ಲಕ್ಷ, ಪುರಸಭೆಗೆ 1.5 ಲಕ್ಷ, ನಗರಸಭೆಗೆ 2 ಲಕ್ಷ ರೂಪಾಯಿ. ಇದು ವಾರ್ಡ್ ಚುನಾವಣೆಯ ಲೆಕ್ಕ. ಆಮೇಲಿನ ರೆಸಾರ್ಟ್ ಬಿಲ್ಲು ಈ ಲೆಕ್ಕಕ್ಕೆ ಬರೋದಿಲ್ಲ. ಮತಕ್ಕೆ ದುಡ್ಡು ಕೊಡೋದೂ ತಗೊಳ್ಳೋದೂ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂ ಪ್ರಕಾರ ಲಂಚ, 173ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು. 'ಅವರೇ ಮನೆಗೆ ಬಂದು ಕೊಟ್ರು' ಅಂದರೆ ತಗೊಂಡವರು ಬಚಾವಾಗಲ್ಲ.

ದುಡ್ಡು ನಡೆಯದ ಜಾಗವೂ ಒಂದಿದೆ, ಅದು ಮೀಸಲಾತಿ ಪಟ್ಟಿ. ಪಟ್ಟಿ ಬಂದ ದಿನ ಅರ್ಧ ಚುನಾವಣೆ ಮುಗಿದ ಹಾಗೆ. ಆ ವರ್ಗದ ಸದಸ್ಯರು ಒಬ್ಬರೇ ಇದ್ದರೆ ಅವಿರೋಧ ಆಯ್ಕೆ, ಬಸ್ಸೂ ಬೇಡ ಪ್ರವಾಸವೂ ಬೇಡ. ಆದರೆ ಪಟ್ಟಿಯೇ ಕೋರ್ಟ್ ಮೆಟ್ಟಿಲು ಹತ್ತಿದರೆ ಊರಿಗೆ ನಷ್ಟ. 2018ರಲ್ಲಿ ಗೆದ್ದ ಎಷ್ಟೋ ಕಡೆಯ ಸದಸ್ಯರು 2020ರವರೆಗೆ ಅಧ್ಯಕ್ಷರಿಲ್ಲದೆ ಕೂತರು. ಎರಡನೇ ಅವಧಿಯ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಅಷ್ಟು ದಿನ ಆಡಳಿತಾಧಿಕಾರಿಗಳದ್ದೇ ದರ್ಬಾರು.

ಒಂದು ಅವಧಿ ಅಂದರೆ 30 ತಿಂಗಳು. ಅದನ್ನೂ ಒಳಒಪ್ಪಂದದಲ್ಲಿ 15-15 ಅಂತಲೋ 10-10-10 ಅಂತಲೋ ಹಂಚಿಕೊಳ್ಳೋದುಂಟು. ಹತ್ತು ತಿಂಗಳಲ್ಲಿ ಹಾಕಿದ್ದು ವಾಪಸ್ ಬರಬೇಕು ಅಂತ ಕೂತವರಿಂದ ಒಳಚರಂಡಿ ಕೆಲಸ ನಿರೀಕ್ಷೆ ಮಾಡೋದು ಕಷ್ಟ.

ಅಂಗಡಿಯವರಿಗೆ ಇದರಿಂದ ಏನು?

ದಿನನಿತ್ಯದ ಆಡಳಿತ ಮುಖ್ಯಾಧಿಕಾರಿ ಕೈಲಿದ್ದರೂ ಸಭೆಗೆ ಯಾವ ವಿಷಯ ಬರಬೇಕು, ಯಾವುದು ಮುಂದಕ್ಕೆ ಹೋಗಬೇಕು ಅನ್ನೋದರಲ್ಲಿ ಅಧ್ಯಕ್ಷರ ಮಾತಿಗೆ ತೂಕ ಇದೆ. ಅವಧಿ ಮುಗಿದ ಪುರಸಭೆ ಮಳಿಗೆಗಳ ಮರುಹರಾಜು, ಸಂತೆ ಸುಂಕದ ಹರಾಜು, ಆಸ್ತಿ ತೆರಿಗೆ ದರ, ಕಸ ವಿಲೇವಾರಿ ಟೆಂಡರ್ ಎಲ್ಲವೂ ಆ ಸಭೆಗೇ ಬರೋದು. ಮಳಿಗೆ ಹರಾಜು ವರ್ಷಗಟ್ಟಲೆ ನಿಂತರೆ ಹಳೇ ಬಾಡಿಗೆಗೇ ಒಬ್ಬರು ಕೂತಿರುತ್ತಾರೆ, ಕೆಲವು ಕಡೆ ಒಳಬಾಡಿಗೆಗೂ ಕೊಡ್ತಾರೆ. ನಷ್ಟ ಪುರಸಭೆ ಖಜಾನೆಗೆ, ಅಂದರೆ ಬೀದಿದೀಪಕ್ಕೆ, ನೀರಿನ ಪೈಪಿಗೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಸ್ಥಾನ ಇರಬೇಕು. ಆ ಸಮಿತಿ ಸಭೆ ಸೇರದಿದ್ದರೆ ತಳ್ಳುಗಾಡಿಯವರ ಜಾಗ ಪೊಲೀಸರ ಮರ್ಜಿಗೆ ಬಿದ್ದಂತೆ. ಪುರಸಭೆ ನಿಧಿಯಲ್ಲಿ ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ತೆಗೆದಿಡುತ್ತಾರೆ. ಖರ್ಚಾಯ್ತಾ ಅಂತ ಕೇಳೋರು ಕಡಿಮೆ.

ಹಾಗಾಗಿ ವಿಷಯದ ಮೇಲೆ ಮತ ಕೇಳಿಸೋಕೆ ಜನರಿಗೆ ಇರೋ ಅವಕಾಶ ವಾರ್ಡ್ ಚುನಾವಣೆಯೊಂದೇ. ಮನೆಗೆ ಬಂದ ಅಭ್ಯರ್ಥಿಗೆ 'ಮಳಿಗೆ ಹರಾಜು ಯಾವಾಗ? ಅಧ್ಯಕ್ಷರ ಆಯ್ಕೆ ದಿನ ನಿಮ್ಮ ಕೈ ಯಾರ ಪರ ಏಳುತ್ತೆ?' ಅಂತ ಮುಖಕ್ಕೇ ಕೇಳಬಹುದು. ಗೆದ್ದವರ ವಿಷಯದಲ್ಲೂ ದಾರಿ ಇದೆ. ಮತದಾನ ಗುಪ್ತ ಅಲ್ಲದ ಕಾರಣ ಯಾರು ಯಾರಿಗೆ ಕೈ ಎತ್ತಿದರು ಅನ್ನೋದು ಸಭೆಯ ನಡಾವಳಿಯಲ್ಲಿ ಸಿಗುತ್ತೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಮಳಿಗೆ ಬಾಡಿಗೆ ಬಾಕಿ ಪಟ್ಟಿಗೆ ಬೇರೆ ಅರ್ಜಿ ಹಾಕಿ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ.