ಒಗರು, ಸೊಕ್ಕು ಮತ್ತು ಒಂದು ಆಮ್ಲ: ಕರಾವಳಿಯ ಅಡಕೆಯ ಪರೀಕ್ಷೆಯ ಚರಿತ್ರೆ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಗಳ ಅಡಕೆಯ ವಿಷಯದಲ್ಲಿ ಜನರಾಡುವ ಮಾತುಗಳ ಪೈಕಿ ಎರಡು ವಿಶೇಷ ವಿಚಾರಕ್ಕೆ ಅರ್ಹವಾಗಿವೆ. ಒಂದು ಒಗರು, ಇನ್ನೊಂದು ಸೊಕ್ಕು. ಅಡಕೆಯನ್ನು ಅಗಿದಾಗ ನಾಲಗೆ ಒಣಗಿ ಬಿಗಿಯುವುದು ಒಗರು. ವೈದ್ಯಗ್ರಂಥಗಳ ಷಡ್ರಸಗಳಲ್ಲಿ ಕಷಾಯವೆನಿಸುವುದು ಇದೇ. ಮೈ ಬೆವತು ತಲೆ ಸುತ್ತಿದರೆ ಅಡಕೆ ಸೊಕ್ಕಿತೆಂದು ಹೇಳುವರು. ಒಂದೇ ಕಾಯಿಯ ಎರಡು ಕಾರ್ಯಗಳನ್ನು ಕನ್ನಡವು ಒಂದರೊಡನೊಂದು ಬೆರೆಸದೆ ಎರಡು ಶಬ್ದಗಳಲ್ಲಿ ಇರಿಸಿಕೊಂಡಿದೆ. ಈ ಭೇದವು ಮಾತಿನದು ಮಾತ್ರವೋ, ವಸ್ತುವಿನಲ್ಲಿಯೂ ಉಂಟೋ ಎಂಬುದನ್ನು ನಿರ್ಣಯಿಸುವುದಕ್ಕೆ ಫಾಸ್ಫೋಟಂಗ್‌ಸ್ಟಿಕ್ ಆಮ್ಲವೆಂಬ ಪ್ರಯೋಗಶಾಲೆಯ ದ್ರವ್ಯವೊಂದರ ಚರಿತ್ರೆ ಸಹಾಯವಾಗುವುದು.

ಮೊದಲು ಸ್ಥಳದ ಮಾತು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತಾ ತನ್ನ ಪ್ರವಾಸಗ್ರಂಥದಲ್ಲಿ ತಾಂಬೂಲವನ್ನು ವಿವರಿಸಿರುವನು. ಆದರೆ ಆ ವಿವರಣೆ ಬರುವುದು ಅರಬಸ್ತಾನದ ಜಫಾರ್ ಪಟ್ಟಣದ ಪ್ರಸಂಗದಲ್ಲಿ. ಅದನ್ನು ಹೊನ್ನಾವರದ ಅಡಕೆಗೆ ಸಾಕ್ಷಿಯಾಗಿ ಎತ್ತಿಕೊಳ್ಳುವುದು ಯುಕ್ತವಲ್ಲ. ಪೋರ್ತುಗೀಜರು ಈ ತೀರಗಳಲ್ಲಿ ಕಲಿತ ಶಬ್ದ ಮಾತ್ರ ನಿಸ್ಸಂಶಯವಾದ ಕುರುಹು. ಮಲೆಯಾಳದ ಅಡಕ್ಕವು ಅವರ ಬಾಯಲ್ಲಿ ಅರೆಕವಾಯಿತು. ಕನ್ನಡದ ಅಡಕೆ ಅದರ ಒಡಹುಟ್ಟು.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಲ್ಲಿ ಎಳೆಯ ಕಾಯಿಯನ್ನು ಸುಲಿದು ಬೇಯಿಸಿ ಒಣಗಿಸುವ ಕೆಂಪಡಕೆಯೂ ಬಳಕೆಯಲ್ಲಿದೆ. ಬೇಯಿಸಿದ ನೀರು ಕೆಂಪಾಗಿ ಮಂದವಾಗುವುದು. ಅದಕ್ಕೆ ಚೊಗರೆಂದು ಹೆಸರು. ಘಟ್ಟದ ಕೆಳಗೆ ಮುಖ್ಯವಾದದ್ದು ಚಾಲಿ. ಚೆನ್ನಾಗಿ ಹಣ್ಣಾದ ಗೋಟನ್ನು ಸಿಪ್ಪೆಯೊಡನೆಯೇ ಒಂದೂವರೆ ತಿಂಗಳ ಕಾಲ ಬಿಸಿಲಿನಲ್ಲಿ ಹರವಿ, ಅನಂತರ ಸುಲಿಯುವರು. ಕುಮಟೆಯ ಪೇಟೆಯಲ್ಲಿ ಹೊಸ ಚಾಲಿ, ಹಳೆ ಚಾಲಿ, ಕೋಕಾ, ಚಿಪ್ಪು ಎಂದು ದರ್ಜೆಗಳುಂಟು. ಇವುಗಳ ನಿರ್ಣಯವು ಕಣ್ಣಿನಿಂದ, ಕೈಯಿಂದ, ಹೋಳಿನ ಒಳಮೈಯನ್ನು ನೋಡುವುದರಿಂದ ಆಗತಕ್ಕದ್ದು. ಇದರಲ್ಲಿ ರಸಾಯನಶಾಸ್ತ್ರಕ್ಕೆ ಎಡೆಯಿಲ್ಲ.

ಆಮ್ಲದ ವೃತ್ತಾಂತವು ಬೇರೊಂದು ನಾಡಿನದು. ಟಂಗ್‌ಸ್ಟನ್ ಎಂಬುದಕ್ಕೆ ಸ್ವೀಡನ್ನಿನ ಭಾಷೆಯಲ್ಲಿ ಭಾರವಾದ ಕಲ್ಲೆಂದರ್ಥ. ಈ ಲೋಹದ ಲವಣವೊಂದನ್ನು ಫಾಸ್ಫರಿಕ್ ಆಮ್ಲದೊಡನೆ ಕುದಿಸಿ ಆಮ್ಲೀಯವಾಗಿಸಿದರೆ ಫಾಸ್ಫೋಟಂಗ್‌ಸ್ಟಿಕ್ ಆಮ್ಲವುಂಟಾಗುವುದು. ಒಂದು ರಂಜಕದ ಪರಮಾಣುವನ್ನು ನಡುವಿಟ್ಟು 12 ಟಂಗ್‌ಸ್ಟನ್ ಮತ್ತು 40 ಆಮ್ಲಜನಕದ ಪರಮಾಣುಗಳು ಪಂಜರದಂತೆ ಕಟ್ಟಿಕೊಂಡಿರುವುವೆಂದು 1933ರಲ್ಲಿ ಕೆಗ್ಗಿನ್ ಎಂಬ ವಿಜ್ಞಾನಿ ಕ್ಷಕಿರಣಗಳ ನೆರವಿನಿಂದ ತೋರಿಸಿದನು. 1959ರಲ್ಲಿ ಬ್ರೆನ್ನರ್ ಮತ್ತು ಹಾರ್ನ್ ಎಂಬವರು ಇದರ ಲವಣವನ್ನು ವೈರಸ್ಸುಗಳ ಸುತ್ತ ಕಪ್ಪು ಹಿನ್ನೆಲೆಯಾಗಿ ಹರಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವುಗಳ ಆಕಾರವನ್ನು ಕಂಡರು. ವೇಗವರ್ಧಕವಾಗಿಯೂ ಇದರ ಉಪಯೋಗ ವಿಸ್ತಾರವಾಗಿದೆ. ಅದು ಪ್ರಕೃತಕ್ಕೆ ಅನಾವಶ್ಯಕ.

ಅಡಕೆಗೆ ಸಂಬಂಧಿಸಿದ ಗುಣಗಳು ಎರಡು. ಈ ದೊಡ್ಡ ಪಂಜರವು ಸಾರಜನಕವುಳ್ಳ ಕ್ಷಾರಸತ್ತ್ವಗಳನ್ನು ಆಮ್ಲೀಯ ದ್ರಾವಣದಲ್ಲಿ ಹಿಡಿದು ಗಷ್ಟಾಗಿ ಕೆಳಕ್ಕಿಳಿಸುವುದು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನಜ್ಞನಾದ ಶೈಬ್ಲರನ ಹೆಸರಿನಲ್ಲಿ ಈ ಪರೀಕ್ಷೆ ಪ್ರಸಿದ್ಧವಾಗಿದೆ. ಅಡಕೆಯ ಮುಖ್ಯ ಕ್ಷಾರಸತ್ತ್ವವಾದ ಅರೆಕೋಲಿನನ್ನು 1888ರಲ್ಲಿ ಯಾನ್ಸ್ ಎಂಬವನು ಬೇರ್ಪಡಿಸಿದನು. ಬೆವರು, ಜೊಲ್ಲು, ತಲೆಸುತ್ತು ಇವುಗಳಿಗೆ, ಅಂದರೆ ಸೊಕ್ಕಿಗೆ, ಪ್ರಧಾನ ಕಾರಣ ಇದು. ಇದರ ಹೆಸರಿನಲ್ಲಿ ದ್ರಾವಿಡದ ಅಡಕೆ ಅಡಗಿದೆ. ಜೊತೆಯ ಸತ್ತ್ವವಾದ ಗುವಾಸಿನಿನಲ್ಲಿ ಸಂಸ್ಕೃತದ ಗುವಾಕ ಶಬ್ದವಿದೆ. ಆದರೆ ಗಷ್ಟು ಕಂಡೊಡನೆ ಕ್ಷಾರಸತ್ತ್ವವೆಂದು ತೀರ್ಮಾನಿಸಲಾಗದು. ಪ್ರೋಟೀನುಗಳೂ ಇದೇ ಆಮ್ಲದಿಂದ ಕೆಳಗಿಳಿಯುವುವು. ಒಂದೇ ಪ್ರತಿಯನ್ನು ನಂಬಿ ಪಾಠವನ್ನು ನಿರ್ಣಯಿಸಬಾರದೆಂಬ ನಿಯಮ ಇಲ್ಲಿಯೂ ಸಲ್ಲತಕ್ಕದ್ದೇ.

ಎರಡನೆಯ ಗುಣವು ಬಣ್ಣದ್ದು. ಫಾಸ್ಫೋಟಂಗ್‌ಸ್ಟಿಕ್ ಮತ್ತು ಫಾಸ್ಫೋಮಾಲಿಬ್ಡಿಕ್ ಆಮ್ಲಗಳ ಮಿಶ್ರಣವನ್ನು 1912ರಲ್ಲಿ ಫೋಲಿನ್ ಮತ್ತು ಡೆನಿಸ್ ಎಂಬವರು ಬಳಕೆಗೆ ತಂದರು. 1927ರಲ್ಲಿ ಫೋಲಿನ್ ಮತ್ತು ಚಿಯೋಕಾಲ್ಟೋ ಅದನ್ನು ಪರಿಷ್ಕರಿಸಿದರು. ಟ್ಯಾನಿನ್ ಮೊದಲಾದ ಫಿನಾಲುಗಳು ಕ್ಷಾರೀಯ ದ್ರಾವಣದಲ್ಲಿ ಇದನ್ನು ಗಾಢವಾದ ನೀಲಿಗೆ ತಿರುಗಿಸುವುವು. ನೀಲಿಯ ಗಾಢತೆಯನ್ನು ಅಳೆದರೆ ಒಗರಿನ ಪ್ರಮಾಣ ದೊರೆಯುವುದು. ಇಲ್ಲಿಯೂ ಎಚ್ಚರ ಅವಶ್ಯ. ಜೀವಸತ್ತ್ವ ಸಿ ಮತ್ತು ಕೆಲವು ಸಕ್ಕರೆಗಳು ಕೂಡ ನೀಲಿಯನ್ನು ಹೆಚ್ಚಿಸುವುವಾದುದರಿಂದ, ಈ ಅಂಕವು ಟ್ಯಾನಿನ್ನೊಂದರದೇ ಎಂದು ಓದತಕ್ಕದ್ದಲ್ಲ. ಒಂದು ಸಾದೃಶ್ಯವನ್ನು ಬಿಡಲಾಗದು. ನಳಿಕೆಯಲ್ಲಿ ನೀಲಿಯೇಳುವುದಕ್ಕೆ ಕ್ಷಾರ ಬೇಕು. ಬಾಯಲ್ಲಿ ತಾಂಬೂಲ ಕೆಂಪೇರುವುದಕ್ಕೂ ಸುಣ್ಣವೆಂಬ ಕ್ಷಾರವೇ ಬೇಕು. ಎರಡೆಡೆಯಲ್ಲಿಯೂ ಕೆಲಸಮಾಡುವುದು ಅದೇ ಫಿನಾಲು.

ಹೀಗೆ ಒಂದೇ ಆಮ್ಲವು ಸೊಕ್ಕನ್ನು ಗಷ್ಟಾಗಿಯೂ ಒಗರನ್ನು ಬಣ್ಣವಾಗಿಯೂ ಬೇರೆ ಬೇರೆ ತೋರಿಸಿತು. ಈ ಭೇದವು ಪ್ರಯೋಜನಕ್ಕೆ ಬರುವುದು ಹಣ್ಣಡಕೆಯ ವಿಷಯದಲ್ಲಿ. ಪ್ರಕಟವಾಗಿರುವ ವಿಶ್ಲೇಷಣೆಗಳ ಪ್ರಕಾರ ಹಸುರು ಕಾಯಿಯಲ್ಲಿ ಪಾಲಿಫಿನಾಲುಗಳು ನೂರಕ್ಕೆ 17.2ರಿಂದ 29.8ರವರೆಗೆ ಇರುವುವು; ಹಣ್ಣಾದಾಗ 11.1ರಿಂದ 17.8ಕ್ಕೆ ಇಳಿಯುವುವು. ಕ್ಷಾರಸತ್ತ್ವಗಳ ನಡೆ ಹೀಗಲ್ಲ. ಹಸುರು ಕಾಯಿಯಲ್ಲಿ 0.11ರಿಂದ 0.14, ಹಣ್ಣಿನಲ್ಲಿ 0.12ರಿಂದ 0.24. ಒಗರು ತಗ್ಗಿದರೂ ಸೊಕ್ಕು ತಗ್ಗುವುದಿಲ್ಲ. ಚಾಲಿ ನಾಲಗೆಗೆ ಮೃದುವಾದ ಕಾರಣ ದೇಹಕ್ಕೂ ಮೃದುವೆಂದು ತಿಳಿಯುವವರ ಊಹೆಯನ್ನು ಈ ಅಂಕಗಳು ಸಮರ್ಥಿಸುವುದಿಲ್ಲ.

ಈ ಊಹೆಯನ್ನು ಲಘುವಾಗಿ ಎಣಿಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅಡಕೆಯನ್ನೇ, ಹೊಗೆಸೊಪ್ಪಿನ ಸಂಗವಿಲ್ಲದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲನೆಯ ವರ್ಗದಲ್ಲಿಟ್ಟಿತು. ಅರೆಕೋಲಿನನ್ನು 2020ರ ಪರಿಶೀಲನೆಯಲ್ಲಿ, ಕಾರಣವಾಗಬಹುದಾದವುಗಳ ವರ್ಗಕ್ಕೆ ಸೇರಿಸಿತು. ಇದೇ ಕಾಯಿಯನ್ನು ನಂಬಿ ಬದುಕುವ ಮನೆಗಳು ಈ ಮೂರು ತಾಲೂಕುಗಳ ಕಣಿವೆಗಳಲ್ಲಿ ಅನೇಕ. ತೋಟದ ಪರವಾಗಿ ವಾದಿಸುವವರು ಒಗರಿನ ಔಷಧಗುಣವನ್ನು ಹೊಗಳುವರು. ವಿರೋಧಿಸುವವರು ಸೊಕ್ಕಿನ ಸತ್ತ್ವವನ್ನು ಹಳಿಯುವರು. ಇಬ್ಬರೂ ಅಡಕೆ ಎಂದೇ ಹೇಳುವುದರಿಂದ ವಾದವು ಒಂದೇ ವಸ್ತುವನ್ನು ಕುರಿತದ್ದೆಂಬ ಭ್ರಾಂತಿಯುಂಟಾಗುವುದು. ಒಗರಿನ ಫಿನಾಲುಗಳ ಮೇಲೂ ಸುಣ್ಣದ ಸಂಗಡ ಕೂಡಿದಾಗ ಆಕ್ಷೇಪವುಂಟಾದುದರಿಂದ ಹೊಗಳಿಕೆಯೂ ಪೂರ್ಣವಾಗಿ ನಿಲ್ಲುವುದಿಲ್ಲ.

ವಿಟ್ಲದಲ್ಲಿ 1956ರಲ್ಲಿ ಸ್ಥಾಪಿತವಾದ ಅಡಕೆ ಸಂಶೋಧನ ಕೇಂದ್ರವೂ, 1970ರಲ್ಲಿ ಕಾಸರಗೋಡಿನಲ್ಲಿ ಏರ್ಪಟ್ಟ ತೋಟದ ಬೆಳೆಗಳ ಕೇಂದ್ರ ಸಂಶೋಧನಾಲಯವೂ ಈ ಬೆಳೆಯ ಶಾಸ್ತ್ರವನ್ನು ಬಹಳ ಮುಂದಕ್ಕೆ ತಂದಿವೆ. ಕುಮಟೆಯ ಪೇಟೆಯ ದರಪಟ್ಟಿಯಲ್ಲಿ ಮಾತ್ರ ಚಾಲಿ, ಕೋಕಾ, ಚಿಪ್ಪುಗಳಿಗೆ ಒಂದೊಂದು ಸಾಲುಂಟು. ಒಗರಿಗೂ ಸೊಕ್ಕಿಗೂ ಅದರಲ್ಲಿ ಅಂಕಣವಿಲ್ಲ.