ಗಾಲ್ಫ್ ಸ್ವಿಂಗ್ ದಿನಕ್ಕೊಂದು ಥರ ಆಗ್ತಿದೆಯಾ? ಪ್ಯಾಕೇಜ್‌ಗೆ ದುಡ್ಡು ಕಟ್ಟುವ ಮುನ್ನ ತಿಳಿದಿರಬೇಕಾದದ್ದು

ಶನಿವಾರ ಬಾಲ್ ನೆಟ್ಟಗೆ ಹೋಗುತ್ತೆ. ಭಾನುವಾರ ಅದೇ ಕೋಲು, ಅದೇ ಕೈ, ಬಾಲ್ ಮಾತ್ರ ಪಕ್ಕದ ಕಾಫಿ ಗಿಡದೊಳಗೆ. ಗಾಲ್ಫ್ ಶುರು ಮಾಡಿ ಒಂದೆರಡು ವರ್ಷ ಆದವರ ಸಾಮಾನ್ಯ ದೂರು ಇದು. ಆಗ ಥಟ್ಟನೆ ಬರುವ ಯೋಚನೆ, ‘ಕೋಚ್ ಹತ್ರ ಹೋಗಿ ಹತ್ತು ಲೆಸನ್ ತಗೊಂಡ್ಬಿಡೋಣ’ ಅಂತ. ದುಡ್ಡು ಹಾಳಾಗುವುದು ಅಲ್ಲೇ. ಸ್ವಿಂಗ್ ಕೆಡಲು ಕಾರಣ ಹಲವು, ಲೆಸನ್‌ಗಳಲ್ಲೂ ಹಲವು ಥರ. ಯಾವ ಜ್ವರ ಅಂತ ನೋಡದೆ ಮೆಡಿಕಲ್‌ನಲ್ಲಿ ಮಾತ್ರೆ ಕೇಳಿದರೆ ಏನಾಗುತ್ತೋ ಇಲ್ಲೂ ಅದೇ ಆಗುತ್ತೆ.

ಕೊಡಗಿನಲ್ಲಿ ಆಡಲು ಜಾಗವೇನೋ ಇದೆ. ಮಡಿಕೇರಿಯಲ್ಲಿ ಮರ್ಕೆರಾ ಡೌನ್ಸ್, ವಿರಾಜಪೇಟೆ ಪಕ್ಕದಲ್ಲಿ ಬಿಟ್ಟಂಗಾಲ, ತೋಟಗಳ ನಡುವೆ ಪಾಲಿಬೆಟ್ಟ. ಆದರೆ ಕಲಿಯಲು ಮೈಸೂರಿಗೆ ಹೋಗುವುದಾದರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ. ಅಂಗಡಿ ಇಟ್ಟವರಿಗೆ ಅದು ಫೀಸಿನ ಜೊತೆ ಒಂದು ದಿನದ ವ್ಯಾಪಾರವೂ ಹೋದ ಲೆಕ್ಕ. ಹಾಗಾಗಿ ಹೊರಡುವ ಮುನ್ನ ತಪ್ಪು ಎಲ್ಲಿದೆ ಅಂತ ಊರಲ್ಲೇ ಅರ್ಧದಷ್ಟಾದರೂ ಕಂಡುಕೊಂಡರೆ ಲಾಭ.

20 ಬಾಲ್, ಒಂದು ನೋಟ್‌ಬುಕ್

7 ನಂಬರ್ ಐರನ್ ತೆಗೆದುಕೊಂಡು 20 ಬಾಲ್ ಹೊಡೆಯಬೇಕು. ಒಂದೊಂದಕ್ಕೂ ಬರೆದಿಡಬೇಕು: ಎಡಕ್ಕೆ ಹೋಯಿತಾ, ಬಲಕ್ಕಾ, ನೆಲಕ್ಕೆ ಮೊದಲು ತಾಗಿತಾ, ಬಾಲಿನ ತಲೆಗೆ ಬಡಿದು ಉರುಳಿತಾ. ಕೋಲಿನ ಮುಖಕ್ಕೆ ಸ್ವಲ್ಪ ಟಾಲ್ಕಂ ಪೌಡರ್ ಸವರಿದರೆ ಬಾಲ್ ತಾಗಿದ ಜಾಗದಲ್ಲಿ ಗುರುತು ಬೀಳುತ್ತೆ. ಇನ್ನು ಹುಲ್ಲಿನ ಮೇಲೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆದು, ಗೆರೆ ಮೇಲೆ ಬಾಲ್ ಇದೆ ಅಂದುಕೊಂಡು ಸ್ವಿಂಗ್ ಮಾಡಿ, ಮಣ್ಣು ಎಲ್ಲಿಂದ ಎದ್ದಿದೆ ನೋಡಬೇಕು. ಗೆರೆಯಿಂದ ಮುಂದಕ್ಕೆ ಎದ್ದಿದ್ದರೆ ಸರಿ. ಗೆರೆಗೆ ಹಿಂದೆಯೇ ಎದ್ದಿದ್ದರೆ ಕೋಲು ಬಾಲಿಗಿಂತ ಮೊದಲು ನೆಲ ಮುಟ್ಟುತ್ತಿದೆ. ಇದನ್ನು ಮನೆ ಹಿತ್ತಲಲ್ಲಿ ಮಾಡುವುದು ಒಳ್ಳೇದು, ಗ್ರೀನ್ ಮೇಲೆ ಮಾಡಿದರೆ ಮಾಲಿ ಬಿಡಲ್ಲ.

ಮ್ಯಾಟ್ ಮೇಲೆ ಮಾತ್ರ ಪ್ರಾಕ್ಟೀಸ್ ಮಾಡುವವರಿಗೆ ಈ ಗೆರೆ ಪರೀಕ್ಷೆ ಬೇಕೇಬೇಕು. ಮ್ಯಾಟ್ ಮೇಲೆ ಕೋಲು ಹಿಂದೆ ಬಿದ್ದರೂ ಜಾರಿಕೊಂಡು ಹೋಗಿ ಬಾಲಿಗೆ ತಾಗುತ್ತೆ, ಬಾಲ್ ಚೆನ್ನಾಗೇ ಹೋಗುತ್ತೆ. ಹುಲ್ಲಿನ ಮೇಲೆ ಅದೇ ಹೊಡೆತ ಅರ್ಧ ದಾರಿಯಲ್ಲೇ ಬೀಳುತ್ತೆ. ‘ಪ್ರಾಕ್ಟೀಸ್‌ನಲ್ಲಿ ಸರಿ ಇರುತ್ತೆ, ಆಟದಲ್ಲಿ ಕೆಡುತ್ತೆ’ ಅನ್ನುವವರಲ್ಲಿ ಕೆಲವರಿಗೆ ಎರಡೂ ಕಡೆ ಇರುವುದು ಒಂದೇ ತಪ್ಪು. ಮ್ಯಾಟ್ ಅದನ್ನು ಮುಚ್ಚಿಡುತ್ತೆ ಅಷ್ಟೆ.

ಲೆಕ್ಕ ಏನು ಹೇಳುತ್ತೆ

20ರಲ್ಲಿ 15 ಬಾಲ್ ಒಂದೇ ಕಡೆ ಹೋಗಿದ್ದರೆ ಅದು ನಿಜವಾಗಿ ಅಸ್ಥಿರ ಸ್ವಿಂಗ್ ಅಲ್ಲ. ತಪ್ಪಾದರೂ ಸ್ಥಿರವಾಗಿದೆ. ಬಾಲ್ ಯಾವ ಕಡೆ ಹೊರಡುತ್ತೆ ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು, ತಾಗುವ ಕ್ಷಣದಲ್ಲಿ ಕೋಲಿನ ಮುಖ ಯಾವ ಕಡೆ ಇದೆ ಅನ್ನುವುದು. ಇಂಥವರಲ್ಲಿ ಬಹಳ ಸಲ ಗ್ರಿಪ್ ಇಲ್ಲವೇ ನಿಲ್ಲುವ ದಿಕ್ಕು ತಪ್ಪಿರುತ್ತೆ. ಇವರಿಗೆ ಒಂದೇ ಒಂದು ಲೆಸನ್ ಸಾಕಾಗಬಹುದು. ಹತ್ತಕ್ಕೆ ದುಡ್ಡು ಕಟ್ಟುವ ಅಗತ್ಯವಿಲ್ಲ.

ಬಾಲ್ ಎಡಕ್ಕೂ ಬಲಕ್ಕೂ ಚೆದುರಿ, ಪೌಡರ್ ಗುರುತು ಕೋಲಿನ ಮುಖದ ತುಂಬ ಬಿದ್ದಿದ್ದರೆ ಕಥೆ ಬೇರೆ. ಪ್ರತಿ ಸಲ ಬಾಲಿಗೂ ಪಾದಕ್ಕೂ ಇರುವ ದೂರ ಬದಲಾಗುತ್ತಿದೆ, ಇಲ್ಲವೇ ಹೊಡೆಯುವಾಗ ಮೈ ತೂಕ ಓಲಾಡುತ್ತಿದೆ. ಇದು ಒಂದು ಗಂಟೆಯಲ್ಲಿ ಸರಿಯಾಗಲ್ಲ. ಇವರಿಗೆ ಬೇಕಾದದ್ದು ಒಬ್ಬರೇ ಕೋಚ್ ಹತ್ತಿರ, ಎರಡು ಮೂರು ವಾರದ ಅಂತರದಲ್ಲಿ ನಾಲ್ಕೈದು ಲೆಸನ್. ನಡುವೆ ಸ್ವಂತ ಪ್ರಾಕ್ಟೀಸ್ ಇರಲೇಬೇಕು. ಪ್ರಾಕ್ಟೀಸಿಗೆ ಪುರುಸೊತ್ತೇ ಇಲ್ಲ ಅನ್ನುವವರು ಸೀರೀಸ್ ತಗೊಳ್ಳದಿರುವುದೇ ವಾಸಿ.

ಇಲ್ಲಿ ಕೊಡಗಿನದೇ ಒಂದು ಮಾತು. ಹಾಕಿ ಆಡಿ ಬೆಳೆದವರು ಗಾಲ್ಫಿಗೆ ಬಂದಾಗ ಕೈಯಲ್ಲಿ ಶಕ್ತಿ, ಕಣ್ಣಲ್ಲಿ ಅಂದಾಜು ಎರಡೂ ಇರುತ್ತೆ. ಆದರೆ ಹಾಕಿಯಲ್ಲಿ ಓಡುತ್ತಾ, ಬಾಲ್ ಇದ್ದ ಕಡೆ ಮೈ ಹೊಂದಿಸಿಕೊಂಡು ಹೊಡೆಯುವುದು ರೂಢಿ. ಗಾಲ್ಫ್‌ನಲ್ಲಿ ಬಾಲ್ ಸುಮ್ಮನೆ ಕೂತಿರುತ್ತೆ, ನಿಲುವು ಪ್ರತಿ ಸಲ ಒಂದೇ ಇರಬೇಕು. ಹಾಕಿ ಕೈಯವರು ಈ ನಿಲುವನ್ನೇ ಹಗುರವಾಗಿ ನೋಡಿಬಿಡುತ್ತಾರೆ. ಅಂಥವರು ಕೋಚ್‌ಗೆ ಮೊದಲೇ ‘ನಾನು ಹಾಕಿ ಆಡ್ತಿದ್ದೆ’ ಅಂತ ಹೇಳಿದರೆ ಅರ್ಧ ಗಂಟೆ ಉಳಿಯುತ್ತೆ.

ಹುಲ್ಲಿನ ಮೇಲೂ ಪ್ರಾಕ್ಟೀಸ್ ಸರಿ ಇದ್ದು ಕೋರ್ಸ್‌ನಲ್ಲಿ ಮಾತ್ರ ಕೆಡುತ್ತಿದ್ದರೆ ಪ್ರಾಕ್ಟೀಸ್ ಜಾಗದ ಲೆಸನ್ ಬೇಡ. ಕೋಚ್ ಜೊತೆಯಲ್ಲೇ ನಡೆದು ಕೆಲವು ಹೋಲ್ ಆಡುವ ಪ್ಲೇಯಿಂಗ್ ಲೆಸನ್ ಕೇಳಬೇಕು. ಗುಡ್ಡದ ಕೋರ್ಸ್‌ಗಳಲ್ಲಿ ಇದಕ್ಕೆ ಹೆಚ್ಚು ಬೆಲೆ. ಬಲಗೈ ಆಟಗಾರರಿಗೆ, ಬಾಲ್ ಪಾದಕ್ಕಿಂತ ಎತ್ತರದಲ್ಲಿದ್ದರೆ ಎಡಕ್ಕೆ ಎಳೆಯುತ್ತೆ, ತಗ್ಗಿನಲ್ಲಿದ್ದರೆ ಬಲಕ್ಕೆ. ಸ್ವಿಂಗ್ ಸರಿಯಾಗಿಯೇ ಇದ್ದು, ಇಳಿಜಾರಿನ ಲೆಕ್ಕ ಗೊತ್ತಿಲ್ಲದೆ ಸ್ವಿಂಗ್ ಬದಲಿಸಲು ಹೋಗಿ ಕೆಡಿಸಿಕೊಂಡವರೂ ಇದ್ದಾರೆ.

ಗ್ರೂಪ್ ಕ್ಲಾಸ್ ಅಗ್ಗ. ಹೊಸಬರಿಗೆ, ಮಕ್ಕಳಿಗೆ ಪರವಾಗಿಲ್ಲ. ಕೆಟ್ಟ ಸ್ವಿಂಗ್ ರಿಪೇರಿಗೆ ಅದು ಆಗಲ್ಲ, ಒಬ್ಬೊಬ್ಬರ ತಪ್ಪು ಒಂದೊಂದು. ಮೊಬೈಲ್‌ನಲ್ಲಿ ವಿಡಿಯೋ ಕಳಿಸಿ ಕಲಿಯುವುದು, ಒಮ್ಮೆ ಮುಖಾಮುಖಿ ನೋಡಿದ ಕೋಚ್ ಆದರೆ ಉಪಯೋಗ. ವಿಡಿಯೋ ಎರಡು ಬೇಕು: ಒಂದು ಎದುರಿನಿಂದ, ಒಂದು ಬಾಲ್ ಹೋಗುವ ಗೆರೆಯ ಹಿಂದಿನಿಂದ. ರಾಡಾರ್ ಮೆಷಿನ್ ಇಟ್ಟು ಕಲಿಸುವ ಕಡೆ ಸ್ಕ್ರೀನ್ ತುಂಬ ಅಂಕಿ ಬರುತ್ತೆ. ಕೋಚ್ ಅದರಲ್ಲಿ ಒಂದೆರಡನ್ನು ಮಾತ್ರ ಹಿಡಿದು ಮಾತಾಡಿದರೆ ಪ್ರಯೋಜನ, ಎಲ್ಲವನ್ನೂ ಓದಿ ಹೇಳಿದರೆ ತಲೆ ಕೆಡುತ್ತೆ.

ಲೆಸನ್ನೇ ಬೇಡವಾದ ಸಂದರ್ಭ

ಇಲ್ಲಿನ ಮಳೆಗೆ, ಬೆವರಿಗೆ ಕೋಲಿನ ರಬ್ಬರ್ ಹಿಡಿ ನುಣುಪಾಗುತ್ತೆ. ಜಾರುವ ಹಿಡಿಯನ್ನು ಬಿಗಿಯಾಗಿ ಹಿಡಿದರೆ ತೋಳು ಗಟ್ಟಿಯಾಗಿ ಸ್ವಿಂಗ್ ಕೆಡುತ್ತೆ. ಮೊದಲು ಅದನ್ನು ಬದಲಿಸಬೇಕು. ಅಪ್ಪನ ಕಾಲದ ಸೆಟ್‌ನಲ್ಲಿ ಆಡುವವರು ಕೋಲಿನ ಉದ್ದ ತಮ್ಮ ಎತ್ತರಕ್ಕೆ ಹೊಂದುತ್ತಾ ಅಂತ ನೋಡಿಸಬೇಕು. ಸೊಂಟ ನೋವಿದ್ದರೆ ಕೋಚ್‌ಗಿಂತ ಮೊದಲು ಡಾಕ್ಟರ್. ನೋವು ತಪ್ಪಿಸಲು ಮೈ ತಾನಾಗಿಯೇ ಸ್ವಿಂಗ್ ಬದಲಿಸುತ್ತಿರುತ್ತೆ.

ಇನ್ನೂ ಒಂದು ದಾರಿ ಇದೆ. 72 ಪಾರ್ ಕೋರ್ಸ್‌ನಲ್ಲಿ ಹೋಲ್‌ಗೆ ಎರಡರಂತೆ 36 ಹೊಡೆತ ಪಟಿಂಗ್‌ಗೇ ಲೆಕ್ಕ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಾಗ ದೂರ ಹೊಡೆಯುವವರ ಸಾಲಿನಲ್ಲಿ ಬಹಳ ಕೆಳಗಿದ್ದರು. ಕೈ ಹಿಡಿದದ್ದು ಪಟರ್. ವಾರಕ್ಕೆ ಒಂದು ದಿನ ಮಾತ್ರ ಆಡುವವರು ಸ್ವಿಂಗ್ ಬಿಟ್ಟು ಚಿಪ್ಪಿಂಗ್, ಪಟಿಂಗ್‌ಗೆ ಒಂದು ಲೆಸನ್ ತಗೊಂಡರೆ ಸ್ಕೋರ್ ಬೇಗ ಇಳಿಯುವ ಸಾಧ್ಯತೆ ಹೆಚ್ಚು.

ಕೋಚ್ ಹತ್ತಿರ ಕೇಳಬೇಕಾದ್ದು

ಇಂಡಿಯನ್ ಗಾಲ್ಫ್ ಯೂನಿಯನ್ ಅಡಿಯ ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ಕೋಚ್‌ಗಳಿಗೆ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಡುತ್ತೆ. ಅದು ಇದೆಯಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಕ್ಯಾಡಿಗಳ ಕಣ್ಣು ಬಹಳ ಚುರುಕು, ಅವರು ಹೇಳಿದ್ದನ್ನೂ ಬರೆದಿಟ್ಟುಕೊಂಡು ಕೋಚ್‌ಗೆ ತೋರಿಸಬಹುದು. ಜೊತೆಗೆ ಆಡುವ ನಾಲ್ಕು ಜನ ಕೊಡುವ ನಾಲ್ಕು ಸಲಹೆ ಮಾತ್ರ ಆ ತಿಂಗಳು ಪಕ್ಕಕ್ಕೆ ಇಡಬೇಕು.

ಮೊದಲ ದಿನ ಒಂದೇ ಲೆಸನ್‌ಗೆ ದುಡ್ಡು ಕೊಟ್ಟು, 20 ಬಾಲ್ ಲೆಕ್ಕದ ಹಾಳೆಯನ್ನು ಕೋಚ್ ಕೈಗೆ ಕೊಡಬೇಕು. ಅವರು ಅದನ್ನು ಓದಿ, ಕೆಲವು ಹೊಡೆತ ಸುಮ್ಮನೆ ನೋಡಿ, ಆಮೇಲೆ ಒಂದೇ ವಿಷಯ ಹಿಡಿದುಕೊಂಡರೆ ಪ್ಯಾಕೇಜ್ ಮಾತಾಡಬಹುದು. ಐದು ನಿಮಿಷದಲ್ಲಿ ಗ್ರಿಪ್, ಮೊಣಕೈ, ಸೊಂಟ, ತಲೆ ಎಲ್ಲವನ್ನೂ ಬದಲಿಸಲು ಹೊರಟರೆ ಆ ದಿನದ ಫೀಸ್ ಕೊಟ್ಟು ವಾಪಸ್ ಬರುವುದು. ಪ್ಯಾಕೇಜ್ ತಗೊಂಡರೂ ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ ತಪ್ಪಿದ ಲೆಸನ್ ಮುಂದೆ ಹಾಕಲು ಆಗುತ್ತಾ, ಎಷ್ಟು ತಿಂಗಳ ಒಳಗೆ ಮುಗಿಸಬೇಕು ಅನ್ನುವುದನ್ನು ರಸೀದಿಯಲ್ಲೇ ಬರೆಸಿಕೊಳ್ಳಬೇಕು.