ಅಮೋಘವರ್ಷನ ರಾಜ್ಯಾರಂಭದ ವಿಪ್ಲವ: ಶಾಸನಗಳ ಸಾಕ್ಷ್ಯ

ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಒಂದನೆಯ ಅಮೋಘವರ್ಷನನ್ನು ಜಿನಸೇನಾಚಾರ್ಯರ ಶಿಷ್ಯನೆಂದೂ ‘ಪ್ರಶ್ನೋತ್ತರರತ್ನಮಾಲಿಕೆ’ಯ ಕರ್ತೃವೆಂದೂ ನಾವು ಸ್ಮರಿಸುವುದು ವಾಡಿಕೆ. ಅವನ ಆರು ದಶಕಗಳಿಗೂ ಮೀರಿದ ಆಳಿಕೆಯನ್ನು ಕೇವಲ ಧರ್ಮಪ್ರಭಾವದ ಫಲವೆಂದು ವರ್ಣಿಸಿದ ಲೇಖನಗಳೂ ನಮ್ಮಲ್ಲಿ ಉಂಟು. ಆದರೆ ಅವನ ಬಾಲ್ಯದಲ್ಲಿಯೇ ಆ ಸಾಮ್ರಾಜ್ಯ ಅಳಿವಿನ ಅಂಚಿಗೆ ಬಂದಿತ್ತು. ಅದು ಉಳಿದ ಬಗೆಯನ್ನು ಶಾಸನಗಳನ್ನೇ ಕೇಳಿ ತಿಳಿಯತಕ್ಕದ್ದು.

ಮೂರನೆಯ ಗೋವಿಂದನು ಕ್ರಿ. ಶ. 814ರಲ್ಲಿ ತೀರಿಕೊಂಡಾಗ ಅಮೋಘವರ್ಷ ಇನ್ನೂ ಬಾಲಕ. ಲಾಟದೇಶವನ್ನು ಆಳುತ್ತಿದ್ದ ಕರ್ಕ ಸುವರ್ಣವರ್ಷ ಅವನಿಗೆ ದೊಡ್ಡವನಾದ ದಾಯಾದಿ, ಗೋವಿಂದನ ತಮ್ಮನಾದ ಇಂದ್ರನ ಮಗ. ಈ ಕರ್ಕನ ಎರಡು ತಾಮ್ರಶಾಸನಗಳನ್ನು ಒತ್ತಟ್ಟಿಗಿಟ್ಟು ನೋಡಬೇಕು. ಶಕ 738ರ (ಕ್ರಿ. ಶ. 816) ನವಸಾರಿ ಶಾಸನದಲ್ಲಿ ದಂಗೆಯ ಸುಳಿವೇ ಇಲ್ಲ. ಶಕ 743ರ (ಕ್ರಿ. ಶ. 821) ಸೂರತ್ ಶಾಸನದಲ್ಲಿಯಾದರೋ, ವಿಧೇಯತೆ ತೊರೆದ ರಾಷ್ಟ್ರಕೂಟರನ್ನೇ ಗೆದ್ದು ಕರ್ಕನು ಅಮೋಘವರ್ಷನನ್ನು ಅವನ ಪದವಿಯಲ್ಲಿ ಮರಳಿ ನಿಲ್ಲಿಸಿದನೆಂಬ ಪ್ರಶಂಸೆಯಿದೆ. ಮರಳಿ ನಿಲ್ಲಿಸಬೇಕಾದರೆ ಮೊದಲು ಪದಚ್ಯುತಿ ಆಗಿರಲೇಬೇಕಷ್ಟೆ! ಹೀಗೆ ಒಂದರ ಮೌನ, ಇನ್ನೊಂದರ ಮಾತು ಕೂಡಿ ವಿಪ್ಲವದ ಕಾಲವನ್ನು ಈ ಐದು ವರ್ಷಗಳೊಳಗೆ ಕಟ್ಟಿಹಾಕುತ್ತವೆ. ಈ ಸೂರತ್ ಶಾಸನವು ನಾಗಸಾರಿಕೆಯ ಜಿನಾಲಯಕ್ಕಾಗಿ ಮಲ್ಲವಾದಿಯ ಪ್ರಶಿಷ್ಯರೂ ಸೇನಸಂಘದವರೂ ಆದ ಅಪರಾಜಿತರಿಗೆ ಭೂಮಿಯನ್ನಿತ್ತ ದಾನಪತ್ರವೆಂಬುದನ್ನು ಇತಿಹಾಸಕಾರರು ಬಹುಮಟ್ಟಿಗೆ ಅಡಿಟಿಪ್ಪಣಿಗೆ ತಳ್ಳುತ್ತಾರೆ. ಬಸದಿಯ ದಾನವಿಲ್ಲದಿದ್ದರೆ ಈ ಸಾಕ್ಷ್ಯವೂ ನಮಗೆ ದಕ್ಕುತ್ತಿರಲಿಲ್ಲ.

ಅಂದಮೇಲೆ ಸಾಮ್ರಾಜ್ಯವನ್ನು ಉಳಿಸಿದ್ದು ಶಾಖಾಮನೆತನದ ನಿಷ್ಠೆ. ಆದರೆ ಪ್ರಾಂತವೊಂದನ್ನು ದಾಯಾದಿಗಳಿಗೆ ಬಿಟ್ಟುಕೊಟ್ಟ ಆ ವ್ಯವಸ್ಥೆಯೇ ಮುಂದೆ ಕಂಟಕವೂ ಆಯಿತು. ಕರ್ಕನ ಮಗ ಧ್ರುವನು ವಲ್ಲಭನ, ಅಂದರೆ ಅಮೋಘವರ್ಷನ, ಸೇನೆಯೊಡನೆ ಕಾದಿ ಮಡಿದನು. ಆ ವೈರ ಮೊಮ್ಮಕ್ಕಳ ತನಕ ಹರಿದುದನ್ನು ಶಕ 789ರ (ಕ್ರಿ. ಶ. 867) ಬಗುಮ್ರಾ ಶಾಸನ ತಿಳಿಸುತ್ತದೆ.

ದಕ್ಷಿಣದಲ್ಲಿ ಆಸರೆಯಾದವನು ಮುಕುಲ ಕುಲದ ಬಂಕೆಯ. ಗಂಗರ ಮೇಲೆ ನಡೆದ ಅವನು ಕೇದಳದ ಕೋಟೆಯನ್ನು ಹಿಡಿದು ಕಾವೇರಿಯನ್ನು ದಾಟಿದನು. ಅಷ್ಟರಲ್ಲಿ ರಾಜಪುತ್ರನೇ ಸೇರಿದ್ದ ಒಳದಂಗೆಯನ್ನಡಗಿಸಲು ಹಿಂದಕ್ಕೆ ಕರೆಬಂದಿತು. ಮೂರು ತಿಂಗಳೊಳಗೆ ಶತ್ರುಗಳನ್ನು ಗೆದ್ದು ಒಡೆಯನಿಗೆ ಹಾಲು ಕುಡಿಸದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಅವನು ಪ್ರತಿಜ್ಞೆಗೈದನಂತೆ. ಇದಕ್ಕೆ ಆಧಾರ ಶಕ 782ರ (ಕ್ರಿ. ಶ. 860) ಕೊಣ್ಣೂರು ಶಾಸನ. ಇಲ್ಲಿ ಎಚ್ಚರ ಬೇಕು. ನಮಗೆ ಉಳಿದಿರುವ ಶಿಲಾಲೇಖ ಮೂಲವಲ್ಲ. ಹಳೆಯ ತಾಮ್ರಪಟವನ್ನು ನೋಡಿ ಮೇಘಚಂದ್ರ ತ್ರೈವಿದ್ಯರ ಶಿಷ್ಯರಾದ ವೀರನಂದಿ ಮುನಿಗಳು ಹನ್ನೆರಡನೆಯ ಶತಮಾನದಲ್ಲಿ ಬರೆಯಿಸಿದ ಪ್ರತಿ. ಅದರ ವಂಶಾವಳಿ ಇತರ ಶಾಸನಗಳೊಡನೆ ಪೂರ್ತಿ ಹೊಂದದು. ಪ್ರತಿಯಿಂದ ಪ್ರತಿಗೆ ಪಾಠ ಹೇಗೆ ಬೆಳೆಯುತ್ತದೆಂಬುದನ್ನು ಓಲೆಗರಿಗಳೊಡನೆ ಬಾಳಿದವರಿಗೆ ಹೇಳಬೇಕಾಗಿಲ್ಲ. ಪ್ರತಿಜ್ಞೆಯ ಮಾತನ್ನು ಸಂದೇಹದಿಂದಲೇ ನೋಡುವೆನು. ದಂಡಯಾತ್ರೆಯನ್ನು ನಂಬಲು ಅಡ್ಡಿ ಕಾಣೆ.

ಗಂಗರನ್ನು ಕಡೆಗೆ ಒಲಿಸಿಕೊಂಡುದು ಯುದ್ಧವಲ್ಲ, ವಿವಾಹ. ಅಮೋಘವರ್ಷನು ಮಗಳು ಚಂದ್ರೊಬ್ಬಲಬ್ಬೆಯನ್ನು ಗಂಗರಾಜಕುಮಾರ ಬೂತುಗನಿಗೆ ಕೊಟ್ಟನು.

ಇನ್ನು ನಮ್ಮ ಪಂಡಿತರು ದಾಟಿಹೋಗುವ ಒಂದು ಸಂಗತಿ. ಶಕ 793ರ (ಕ್ರಿ. ಶ. 871) ಸಂಜಾನ್ ಶಾಸನದ ಪ್ರಕಾರ, ಪ್ರಜೆಗಳಿಗೊದಗಿದ ಉಪದ್ರವವನ್ನು ನೀಗಲೆಂದು ಈ ಅರಸು ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನು. ಇದರಿಂದ ಅವನ ಜಿನಭಕ್ತಿಗೆ ಕುಂದೆಂದು ಅಂಜಿ ಶಾಸನವನ್ನು ಮುಚ್ಚಿಡುವುದು ವಿದ್ವತ್ತಿಗೆ ಒಪ್ಪುವುದಿಲ್ಲ. ನಾನಾ ಮತದ ಪ್ರಜೆಗಳ ಅರಸು ಅವನು. ಸಂಕಟದಲ್ಲಿ ಪ್ರಜೆಗಳ ದೇವಿಗೆ ತನ್ನ ದೇಹವನ್ನೇ ಒಡ್ಡಿದುದು ರಾಜಧರ್ಮ.

ಈ ಕಾಳಗಗಳ ನಡುವೆಯೇ, ವೀರಸೇನಾಚಾರ್ಯರು ಇಪ್ಪತ್ತು ಸಾವಿರ ಗ್ರಂಥಪ್ರಮಾಣದವರೆಗೆ ತಂದು ನಿಲ್ಲಿಸಿದ್ದ ‘ಜಯಧವಲೆ’ಗೆ ಜಿನಸೇನರು ನಲವತ್ತು ಸಾವಿರವನ್ನು ಕೂಡಿಸಿ, ಶಕ 759ರಲ್ಲಿ (ಕ್ರಿ. ಶ. 837) ವಾಟಗ್ರಾಮದಲ್ಲಿ ಪೂರೈಸಿದರು. ಪ್ರಶಸ್ತಿಯಲ್ಲಿ ಅಮೋಘವರ್ಷನ ರಾಜ್ಯಕಾಲದ ಉಲ್ಲೇಖವಿದೆ. ಬಂಕೆಯನ ಮನೆತನವೂ ಚೆದುರಲಿಲ್ಲ. ಶಕ 820ರ (ಕ್ರಿ. ಶ. 898) ‘ಉತ್ತರಪುರಾಣ’ದ ಪ್ರಶಸ್ತಿಯಲ್ಲಿ, ಅಮೋಘವರ್ಷನ ಮಗ ಅಕಾಲವರ್ಷನ ಸಾಮಂತನಾಗಿ ಬಂಕಾಪುರದಲ್ಲಿ ಆಳುತ್ತಿದ್ದವನು ಬಂಕೆಯನ ಮಗ ಲೋಕಾದಿತ್ಯ.